ಬಂಡೆಯ ಮೇಲೆ ಕಾದ ಲಸಿಕೆ

"ದೇವರ ಮುಂದೆ ಆಡಿದ ಮಾತಿಗೆ ಆಯುಸ್ಸು ಎಷ್ಟು?"

ಗುಡ್ಡಪ್ಪ ಗಟ್ಟಿಯಾಗಿಯೇ ಕೇಳಿದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ದನದಾಸ್ಪತ್ರೆಯ ಒಂದೇ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಭುಸುಗುಟ್ಟುತ್ತಿತ್ತು. ಅದರ ಮೇಲಿನ ಪಾತ್ರೆಯಲ್ಲಿ ಸೂಜಿಗಳು ಕುದಿಯುತ್ತ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದ ಯಾರದೋ ಎಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೆಲುಕಿಗೆ ತಿರುಗಿತು. ಅದಕ್ಕೂ ಉತ್ತರ ಗೊತ್ತಿದ್ದಂತಿರಲಿಲ್ಲ.

ಐಮಂಗಲದಲ್ಲಿ ಹೆದ್ದಾರಿ ಬಿಟ್ಟು ಒಳಗೆ ನಡೆದರೆ ಸಿಗುವ ಬಿಳಿಗಲ್ಲಹಟ್ಟಿ ಅವನ ಊರು. ಸರ್ಕಾರದ ಲೆಕ್ಕದಲ್ಲಿ ಅವನು ಸ್ಟಾಕ್‌ಮನ್. ಸುತ್ತಿನ ಹಟ್ಟಿಗಳ ಬಾಯಲ್ಲಿ ಸೂಜಿ ಗುಡ್ಡಪ್ಪ. ಕುರಿಗೆ, ದನಕ್ಕೆ, ಈಗೀಗ ಕೋಳಿಗೂ ಸೂಜಿ ಹಾಕುವುದು ಅವನ ಕಸುಬು. ಕೈ ಹಗುರ, ಮಾತು ಕಮ್ಮಿ, ದೇವರೆಂದರೆ ಪ್ರಾಣ. ಸೋಮವಾರ ಒಪ್ಪತ್ತು ಮಾಡುತ್ತಿದ್ದ. ರೇವಣಸಿದ್ಧನ ಗುಡಿಯಲ್ಲಿ ಪುರಾಣ ಓದಿಸಿದರೆ ಕಂಬಕ್ಕೊರಗಿ ಕೂತವನು ಮಂಗಳಾರತಿ ಆಗುವವರೆಗೆ ಕದಲುತ್ತಿರಲಿಲ್ಲ.

ಮಾತು ನಡೆದದ್ದೂ ಆ ಗುಡಿಯ ಮುಂದೆಯೇ. ಮಗಳು ಚಿತ್ತಮ್ಮನನ್ನು ತೊಟ್ಟಿಲಿಗೆ ಹಾಕಿದ ದಿನ ಅಕ್ಕ ನಿಂಗಕ್ಕ, ಬಾವ ಬೀರಪ್ಪ ತಮ್ಮ ಪುಟ್ಟ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದರು. ಬೀರಪ್ಪ ಎಲೆ ಅಡಿಕೆಯನ್ನು ದೇವರ ಮುಂದಿಟ್ಟು, ಕೂಸಿನ ಕೈಗೆ ಬೆಳ್ಳಿ ಕಡಗ ಹಾಕಿ, ನೆರೆದವರಿಗೆಲ್ಲ ಕೇಳುವಂತೆ ಹೇಳಿದ್ದ: "ಈ ಕೂಸು ನಮ್ಮನೇದು ಗುಡ್ಡಪ್ಪ. ತೊಟ್ಟಿಲು ನಿಂದು, ಹೊಸಲು ನಂದು." ಅಕ್ಕನ ಮಗನಿಗೆ ತಮ್ಮನ ಮಗಳು. ಇದರಲ್ಲಿ ಹೊಸದೇನೂ ಇರಲಿಲ್ಲ. ಹೊಸದಿರಲಿಲ್ಲ ಎಂಬುದಕ್ಕೇ ಅದು ಗಟ್ಟಿ ಎಂದು ಗುಡ್ಡಪ್ಪ ನಂಬಿದ್ದ.

ಅಂದಿನಿಂದ ಅವನು ಬಾವನಿಗಾಗಿ ಮಾಡದಿದ್ದ ಕೆಲಸವಿರಲಿಲ್ಲ. ಬೀರಪ್ಪ ಕುರಿಮಂದೆ ಮಾರಿ ಬಿಳಿ ಸೀಮೆಕೋಳಿ ಸಾಕುತ್ತೇನೆ ಎಂದಾಗ ಹಟ್ಟಿಯವರೆಲ್ಲ ನಕ್ಕಿದ್ದರು. "ಕಂಬಳಿ ಹೊದ್ದೋನು ಪುಕ್ಕ ಕಟ್ಟಿಕೊಂಡ" ಎಂದು ಆಡಿಕೊಂಡಿದ್ದರು. ನಗದೆ ಜೊತೆಗೆ ನಿಂತವನು ಗುಡ್ಡಪ್ಪ ಒಬ್ಬನೇ. ಮರಿಗಳಿಗೆ ಲಾಟೀನಿನ ಶಾಖ ಕೊಡುವುದನ್ನು ಕಲಿಸಿದ. ನೆಲಕ್ಕೆ ಕಡಲೆಕಾಯಿ ಹೊಟ್ಟು ಹಾಸುವುದನ್ನು ಕಲಿಸಿದ. ರೋಗದ ಕೋಳಿಯನ್ನು ಕಣ್ಣಿನಲ್ಲೇ ಗುರುತಿಸುವುದನ್ನು ಕಲಿಸಿದ. ಮಗಳ ಮನೆಗೆ ಗೋಡೆ ಕಟ್ಟುವವನ ಹಾಗೆ ದುಡಿದ. ಎಪ್ಪತ್ತಾರನೇ ಇಸವಿಯ ಬೇಸಿಗೆ ಬರುವ ಹೊತ್ತಿಗೆ ಬೀರಪ್ಪನ ಕೋಳಿಮನೆ ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರಿಗೂ ಗುರುತಾಗಿತ್ತು.

ಮಾತು ಮುರಿದದ್ದು ಅವನಿಗೆ ತಿಳಿದದ್ದು ಮಾತ್ರ ಅಕ್ಕನಿಂದಲ್ಲ, ಬಾವನಿಂದಲ್ಲ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಬಳೆ ಮಾರುವ ಏಕಾಂತಮ್ಮನಿಂದ.

"ಏನಣ್ಣಾ, ಅಕ್ಕನ ಮಗನಿಗೆ ಹೊಳಲ್ಕೆರೆ ಹೆಣ್ಣಂತೆ?" ಎಂದಳು ಅವಳು, ಬಳೆಯ ಮಲಾರ ಇಳಿಸುತ್ತ. "ಮಂಡಿ ಸಾಹುಕಾರ್ರ ಮಗಳು. ಮೊನ್ನೆ ಅಳತೆ ತಗಂಡು ಬಂದೆ. ನಿಮ್ಮ ಚಿತ್ತಮ್ಮಂದು ಹೂವಿನಂಥ ಕೈ. ಆ ಹುಡುಗೀದು ಬಿಡು, ಒನಕೆ ಹಿಡಿಯೋ ಕೈ."

ಗುಡ್ಡಪ್ಪ ನಕ್ಕ. ನಕ್ಕು, ಬಸ್ಸು ಬಂತೆಂದು ಹೇಳಿ ಎದ್ದ. ಬಸ್ಸು ಬಂದಿರಲಿಲ್ಲ. ಮೂತ್ರಿಯ ಗೋಡೆಯ ಮರೆಗೆ ಹೋಗಿ ಹಣೆಯನ್ನು ಗೋಡೆಗೆ ಒತ್ತಿ ನಿಂತ. ಮಗಳ ಕೈಯ ಅಳತೆ ಊರೂರು ತಿರುಗುವ ಬಳೆಗಾರ್ತಿಯ ನೆನಪಿನಲ್ಲಿತ್ತು. ಕಡಗ ಹಾಕಿದವನ ನೆನಪಿನಲ್ಲಿರಲಿಲ್ಲ.

ಬೀರಪ್ಪನನ್ನು ಅವನು ಒಮ್ಮೆ ಕೇಳಿದ. ಒಮ್ಮೆಯೇ.

"ಮಾತು ಮಾತೇ ಕಣಪ್ಪ, ಇಲ್ಲ ಅಂದೋರ್ಯಾರು?" ಎಂದ ಬೀರಪ್ಪ, ಕೋಳಿಮನೆಯ ಬಾಗಿಲಲ್ಲಿ ನಿಂತು ಬೀಡಿ ಹಚ್ಚುತ್ತ. "ಆದ್ರೆ ಕಾಲ ಅನ್ನದು ಒಂದೈತಲ್ಲ. ದುರ್ಗದ ಹಾಸ್ಟೆಲ್‌ಗಳಿಗೆಲ್ಲ ನಮ್ಮ ಮೊಟ್ಟೆ ಹೋಗದು ಹೆಚ್ಚೂಕಮ್ಮಿ ಗಟ್ಟಿ ಆಗೈತೆ. ಹೊಳಲ್ಕೆರೆಯೋರು ಅದನ್ನ ಕೇಳೇ ಹೆಣ್ಣು ಕೊಡಕೆ ಬಂದವ್ರೆ. ಚಿತ್ತಮ್ಮಂಗೇನು, ಚಿನ್ನದಂಥ ಹುಡುಗಿ. ಬೇರೆ ಗಂಡು ನಾನೇ ಹುಡುಕಿ ಕೊಡ್ತೀನಿ, ಕುಂತ್ಕ, ಮಜ್ಜಿಗೆ ಕುಡಿ."

ಗುಡ್ಡಪ್ಪ ಕೂತ. ಮಜ್ಜಿಗೆ ಕುಡಿದ. ನಿಂಗಕ್ಕ ಒಳಗೇ ಇದ್ದಳು. ಬಳೆಯ ಸದ್ದು ಕೇಳುತ್ತಿತ್ತು. ಹೊರಗೆ ಬರಲಿಲ್ಲ. ತನ್ನನ್ನು ಎತ್ತಿ ಆಡಿಸಿದ ಅಕ್ಕನೂ ಮುಖ ಮರೆಸಿಕೊಂಡಳಲ್ಲ ಎಂಬ ಒಂದು ಮುಳ್ಳು, ಬಾವ ಚುಚ್ಚಿದ್ದಕ್ಕಿಂತ ಆಳಕ್ಕೆ ಇಳಿಯಿತು. ಲೋಟವನ್ನು ತೊಳೆದು ಬೋರಲಿಟ್ಟು ಅವನು ಹೊರಟು ಬಂದ. ಜಗಳವಾಡಲಿಲ್ಲ. ಪಂಚಾಯಿತಿ ಸೇರಿಸಲಿಲ್ಲ. ಬೈಗುಳವೊಂದು ಬಾಯಿಂದ ಬಿದ್ದಿದ್ದರೆ ಎದೆ ಹಗುರವಾಗುತ್ತಿತ್ತೇನೋ. ಅವನಿಗೆ ಹಗುರವಾಗುವುದು ಬೇಕಿರಲಿಲ್ಲ. ಅವನಿಗೆ ಬೇಕಿದ್ದುದು ಒಂದೇ. ಬೀರಪ್ಪ ತನ್ನ ಅಂಗಳಕ್ಕೆ ಬರಬೇಕು. ಮೆಟ್ಟು ಬಿಟ್ಟು, ತಲೆ ತಗ್ಗಿಸಿ, ಹೆಣ್ಣು ಕೇಳಬೇಕು.

ದಾರಿಯನ್ನು ತೋರಿಸಿದವರು ಡಾಕ್ಟರ್ ಹನುಮಂತಯ್ಯ. ಬೆಂಗಳೂರಿನಿಂದ ದುರ್ಗಕ್ಕೆ ಬಂದಿದ್ದ ಪಶುವೈದ್ಯರು ಅವರು. ಕೋಳಿಗಳಿಗೆ ಹೊಸದೊಂದು ಲಸಿಕೆ ಹಾಕಿ ನೋಡುವ ಕೆಲಸ ಅವರ ಮೇಲಿತ್ತು. ಹಾಸ್ಟೆಲ್‌ಗಳಿಗೆ ಮೊಟ್ಟೆ ಕೊಡುವವರು ಮೊದಲು ಆ ಲಸಿಕೆ ಹಾಕಿಸಿ, ಆಮೇಲೆ ಪರೀಕ್ಷೆಯಲ್ಲಿ ಪಾಸಾಗಬೇಕು ಎಂದು ಮೇಲಿನವರು ತೀರ್ಮಾನಿಸಿದ್ದರು. ಬೀರಪ್ಪನ ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕೂತು ಅವರು ಅದನ್ನು ಬಿಡಿಸಿ ಹೇಳಿದಾಗ ಗುಡ್ಡಪ್ಪನೂ ಪಕ್ಕದಲ್ಲಿ ನಿಂತಿದ್ದ.

"ನನ್ನ ಕೋಳಿಗೇನೂ ರೋಗ ಇಲ್ವಲ್ಲ ಸಾಮಿ, ಸೂಜಿ ಯಾಕೆ?" ಎಂದು ಬೀರಪ್ಪ ಕೇಳಿದ.

"ಕೋಳಿಗಲ್ಲಪ್ಪ, ತಿನ್ನೋರಿಗೆ. ಈ ಹುಳ ಕೋಳಿ ಹೊಟ್ಟೇಲಿ ಸುಮ್ಮನೆ ಇರುತ್ತೆ. ಕೋಳಿ ಕೆಡಲ್ಲ, ಮೊಟ್ಟೆ ಹಾಕ್ತಾನೇ ಇರುತ್ತೆ. ಮೊಟ್ಟೆ ಜೊತೆ ಹುಳ ಮನುಷ್ಯನ ಹೊಟ್ಟೆಗೆ ಹೋದರೆ ಜ್ವರ, ವಾಂತಿ, ಭೇದಿ. ಹೊಸದುರ್ಗದ ಕಡೆ ಒಂದು ಕೋಳಿಮನೆಯಲ್ಲಿ ಸಿಕ್ಕಿದೆ. ಅಲ್ಲಿ ಒಬ್ಬ ಮುದುಕ ಹೋಗೇಬಿಟ್ಟ. ಕೋಳಿಗೆ ಸೂಜಿ ಬಿದ್ದರೆ ಹುಳ ನಿಲ್ಲಲ್ಲ."

"ಹಂಗಾದ್ರೆ ಮೊಟ್ಟೆ ತಿನ್ನದೇ ತಪ್ಪು ಅನ್ರಿ!"

"ಚೆನ್ನಾಗಿ ಬೇಯಿಸಿದರೆ ಭಯ ಇಲ್ಲ. ಬೆಂದರೆ ಹುಳ ಸತ್ತಹಾಗೇ. ಪರೀಕ್ಷೆ ಮುಗಿಯೋ ತನಕ ಹೊರಗೆ ಮಾರಬೇಡಿ. ಮನೆಗೆ ಬೇಕಾದಷ್ಟು ಬೇಯಿಸಿಕೊಂಡು ತಿನ್ರಿ." ಅವರು ಗುಡ್ಡಪ್ಪನ ಕಡೆ ತಿರುಗಿದರು. "ಸೀಸೆಯೊಳಗಿರೋದು ಜೀವ ಇರೋ ಮದ್ದು. ಐಸಿನಲ್ಲೇ ತರಬೇಕು. ಶಾಖ ತಾಗಿತೋ, ನೀರಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ನೀನಿದ್ದೀಯಲ್ಲ, ನನಗೆ ಚಿಂತೆ ಇಲ್ಲ."

ಆ ಸಂಜೆ ಗುಡಿಯಲ್ಲಿ ಪುರಾಣವಿತ್ತು. ಓದುವವರು ರಾಗವಾಗಿ ಪದ್ಯ ಎತ್ತಿ, ಅರ್ಥ ಹೇಳುವವರು ನಿಧಾನವಾಗಿ ಬಿಡಿಸಿದರು: ಕೊಟ್ಟ ಮಾತಿಗೆ ತಪ್ಪಿದ ಅರಸನ ಬಾವಿಯ ನೀರು ಅವನ ಕಣ್ಣೆದುರೇ ಕಹಿಯಾದ ಕತೆ. ಗುಡ್ಡಪ್ಪ ಕಣ್ಣು ಮುಚ್ಚಿ ಕೈಮುಗಿದು ಕೇಳಿದ. ಅರಸನಿಗೆ ಶಿಕ್ಷೆ ಕೊಟ್ಟವನು ದೇವರು. ಆದರೆ ದೇವರಿಗೂ ಕೆಲಸ ಮಾಡಲು ಒಂದು ಕೈ ಬೇಕಲ್ಲ, ಎಂದುಕೊಂಡ. ಕತೆಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ, ಅವನೇ ಸೇರಿಸಿಕೊಂಡ.

ಯೋಚನೆ ಒಮ್ಮೆ ಮೊಳೆತ ಮೇಲೆ ಅದಕ್ಕೆ ನೀರು ಹೊಯ್ಯುವುದು ಕಷ್ಟವಾಗಲಿಲ್ಲ. ಕೋಳಿಗಳನ್ನು ಕೊಲ್ಲಬೇಕಾಗಿಲ್ಲ. ಬೆಂಕಿ ಬೇಡ, ವಿಷ ಬೇಡ. ಅವೆಲ್ಲ ಗುರುತು ಬಿಡುವ ಕೆಲಸಗಳು. ಲಸಿಕೆ ಸತ್ತಿರಬೇಕು, ಅಷ್ಟೆ. ಸತ್ತ ಲಸಿಕೆಗೆ ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಊರಿನ ಕಣ್ಣೆದುರಿಗೆ, ಬೀರಪ್ಪನೇ ಹಿಡಿದುಕೊಟ್ಟ ಕೋಳಿಗೆ, ತಾನೇ ಸೂಜಿ ಹಾಕಬೇಕು. ಆಮೇಲೆ ಪರೀಕ್ಷೆಯಲ್ಲಿ ಹುಳ ಸಿಗಬೇಕು. ಮೊಟ್ಟೆ ಹಾಸ್ಟೆಲ್ಲಿಗೆ ಹೋಗುವುದಿಲ್ಲ. ರೋಗದ ಕೋಳಿಮನೆ ಎಂಬ ಹೆಸರು ಬಂದ ಮನೆಗೆ ಹೊಳಲ್ಕೆರೆಯವರು ಹೆಣ್ಣು ಕೊಡುವುದಿಲ್ಲ. ಆಗ ಬೀರಪ್ಪನಿಗೆ ಉಳಿಯುವ ಅಂಗಳ ಯಾವುದು?

ಯಾರ ಪ್ರಾಣಕ್ಕೂ ಕುತ್ತಿಲ್ಲ ಎಂಬುದನ್ನು ಅವನು ಮತ್ತೆ ಮತ್ತೆ ತೂಗಿ ನೋಡಿದ. ಆ ವಿಷಯದಲ್ಲಿ ಅವನು ಕಟ್ಟುನಿಟ್ಟು. ಪರೀಕ್ಷೆ ಮುಗಿಯುವವರೆಗೆ ಮೊಟ್ಟೆ ಪೇಟೆಗೆ ಹೋಗದಂತೆ ಡಾಕ್ಟರೇ ಬೇಲಿ ಹಾಕಿದ್ದಾರೆ. ಮನೆಯಲ್ಲಿ ತಿನ್ನುವವರು ಬೇಯಿಸಿ ತಿನ್ನುತ್ತಾರೆ. ಈ ಸೀಮೆಯಲ್ಲಿ ಮೊಟ್ಟೆಯೆಂದರೆ ಬೇಯಿಸಿ ಸುಲಿದದ್ದು, ಇಲ್ಲವೇ ಖಾರ ಕುದಿಯುವ ಸಾರಿಗೆ ಒಡೆದು ಬಿಟ್ಟದ್ದು. ಬೇರೆ ರೀತಿಯಲ್ಲಿ ಮೊಟ್ಟೆ ತಿಂದ ಒಬ್ಬ ಗಂಡಸನ್ನೂ ಅವನು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಹೀಗೆ ಲೆಕ್ಕ ಹಾಕಿ ಮುಗಿಸಿದಾಗ, ಇದು ಪಾಪವೇ ಅಲ್ಲ, ತೂಕ ಸರಿ ಮಾಡುವ ಒಂದು ಕೆಲಸ ಎಂಬ ಸಮಾಧಾನ ಅವನಿಗೆ ಬಂತು.

ಲಸಿಕೆ ತರಲು ಅವನೇ ದುರ್ಗಕ್ಕೆ ಹೋದ. ಡಾಕ್ಟರು ಸೀಸೆಗಳನ್ನು ಐಸು ತುಂಬಿದ ದೊಡ್ಡ ಫ್ಲಾಸ್ಕಿನಲ್ಲಿಟ್ಟು, ಮುಚ್ಚಳ ಬಿಗಿದು ಕೊಟ್ಟರು. ಬಸ್ಸಿನಲ್ಲಿ ಅವನು ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತ. ಕಂಡಕ್ಟರ್ ಚಿಕ್ಕತಿಮ್ಮಪ್ಪ, "ಏನ್ರಿ ಗುಡ್ಡಪ್ಪ, ಗಂಗೆ ತಂದ್ರಾ?" ಎಂದು ಛೇಡಿಸಿದ. "ಗಂಗೆಗಿಂತ ಮೇಲು ಕಣಪ್ಪ" ಎಂದ ಇವನು. ಐಮಂಗಲದಲ್ಲಿ ಇಳಿದು ಹಟ್ಟಿಯ ದಾರಿ ಹಿಡಿದ. ದಾರಿಯ ನಡುವೆ ಒಂದು ಕರಿಬಂಡೆ. ಕುರಿ ಕಾಯುವವರೂ ಮಧ್ಯಾಹ್ನದಲ್ಲಿ ಅದರ ಹತ್ತಿರ ಸುಳಿಯುವುದಿಲ್ಲ. ಕಾಲಿಟ್ಟರೆ ಬೊಬ್ಬೆ ಏಳುತ್ತದೆ. ಗುಡ್ಡಪ್ಪ ಫ್ಲಾಸ್ಕಿನಿಂದ ಸೀಸೆಗಳನ್ನಷ್ಟೇ ಹೆಕ್ಕಿ ಬಂಡೆಯ ಮೇಲೆ ಸಾಲಾಗಿ ಮಲಗಿಸಿದ. ಐಸನ್ನು ಒಳಗೇ ಬಿಟ್ಟು ಮುಚ್ಚಳ ಹಾಕಿ, ಜಾಲಿಯ ಅರೆನೆರಳಿನಲ್ಲಿ ಕೂತು ಶಿವನಾಮ ಎಣಿಸಿದ. ಸೀಸೆ ಮುಟ್ಟಿದರೆ ಬೆರಳು ಹಿಂದೆ ಬರುವಷ್ಟು ಕಾದ ಮೇಲೆ ಅವನ್ನು ಟವೆಲಿನಲ್ಲಿ ಎತ್ತಿಕೊಂಡು, ಆರಿಸಿ, ಮತ್ತೆ ಐಸಿನೊಳಗೆ ಇಳಿಬಿಟ್ಟ. ಬಂಡೆಯ ಮೇಲೆ ಏನೂ ಉಳಿಯಲಿಲ್ಲ. ಉಳಿಯುವಂಥದ್ದು ಏನೂ ಇರಲಿಲ್ಲ.

ಸೂಜಿ ಹಾಕಿದ ಬೆಳಗ್ಗೆ ಹಟ್ಟಿಗೆ ಹಟ್ಟಿಯೇ ನೋಡಲು ನಿಂತಿತ್ತು. ಗುಡ್ಡಪ್ಪ ಎಲ್ಲರ ಮುಂದೆ ಫ್ಲಾಸ್ಕಿನ ಮುಚ್ಚಳ ತೆಗೆದ. ತಣ್ಣನೆಯ ಹಬೆ ಎದ್ದಾಗ ಮುದುಕಿಯೊಬ್ಬಳು ಕೈಮುಗಿದಳು. ಬೀರಪ್ಪ ಕೋಳಿಗಳನ್ನು ರೆಕ್ಕೆ ಹಿಡಿದು ಕೊಡುತ್ತ ಹೋದ; ಗುಡ್ಡಪ್ಪ ಕತ್ತಿನ ಹಿಂಭಾಗದ ಚರ್ಮ ಎತ್ತಿ ಸೂಜಿ ಇಳಿಸುತ್ತ ಹೋದ.

"ಲೇ ಮೈದ್ನ, ಕೋಳಿಗೆ ಹಾಕಪ್ಪ, ನನ್ನ ಕೈಗಲ್ಲ!" ಎಂದು ಬೀರಪ್ಪ ಕೂಗಿದ.

"ನಿಂಗೆ ಹಾಕಾಕೆ ಇಷ್ಟು ಸಣ್ಣ ಸೂಜಿ ಸಾಲಲ್ಲ ಬಾವ" ಎಂದ ಗುಡ್ಡಪ್ಪ. ಜನ ನಕ್ಕರು. ಬೀರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಹೆಣ್ಣಿನ ವಿಷಯ ಗುಡ್ಡಪ್ಪ ನುಂಗಿಕೊಂಡ ಎಂದು ಅವನಿಗೆ ಖುಷಿಯಾಗಿತ್ತು. ಕೆಲಸ ಮುಗಿದ ಮೇಲೆ ಕುಕ್ಕೆಯ ತುಂಬ ಮೊಟ್ಟೆ ತಂದು ಮುಂದಿಟ್ಟ. ಗುಡ್ಡಪ್ಪ ಮುಟ್ಟಲಿಲ್ಲ.

"ಇವತ್ತು ಸೋಮವಾರ, ಬ್ಯಾಡ" ಎಂದ.

"ಸೋಮವಾರ ನಿಂಗೆ ಕಣೋ, ಮನೆಯೋರಿಗಲ್ಲ."

"ಬ್ಯಾಡ ಬಾವ."

ಮನೆಗೆ ಬಂದು ಹೆಂಡತಿ ಕಾಳಕ್ಕನಿಗೂ ಹೇಳಿದ: "ಆ ಮನೆಯಿಂದ ಏನೂ ಈಸ್ಕಬೇಡ. ಉಪ್ಪಿನ ಹರಳೂ ಬ್ಯಾಡ." ಕಾಳಕ್ಕ ಅವನ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಟ್ಟು ಅವನನ್ನು ಒಳಗೊಳಗೇ ತಿನ್ನುತ್ತಿದೆ ಎಂದು ಅವಳು ತಿಳಿದಳು. ಅವನು ತಿದ್ದಲಿಲ್ಲ.

ಉಳಿದದ್ದು ಒಂದೇ. ಕೋಳಿಗಳಲ್ಲಿ ಹುಳ ಮೊದಲೇ ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ, ಮತ್ತು ಅದೃಷ್ಟದ ಮೇಲೆ ಭಾರ ಹಾಕುವ ಜಾಯಮಾನ ಅವನದಲ್ಲ. ಡ್ಯೂಟಿಯ ನೆಪದಲ್ಲಿ ಹೊಸದುರ್ಗಕ್ಕೆ ಹೋದ. ಡಾಕ್ಟರು ಹೇಳಿದ್ದ ಕೋಳಿಮನೆಯನ್ನು ಹುಡುಕುವುದು ಕಷ್ಟವಾಗಲಿಲ್ಲ; ಬೀದಿಯವರೆಲ್ಲ ಅದರತ್ತ ಬೆರಳು ತೋರಿಸುತ್ತಿದ್ದರು. ಮಾಲೀಕ ಕೆಟ್ಟ ಮುಖ ಹೊತ್ತು ಜಗಲಿಯ ಮೇಲೆ ಕೂತಿದ್ದ. ಸರ್ಕಾರದವನೆಂದು ಕಂಡು ಒಳಗೆ ಬಿಟ್ಟ. ಹಿಕ್ಕೆ ಬೆರೆತ ಹೊಟ್ಟನ್ನು ಎಣ್ಣೆಕಾಗದದಲ್ಲಿ ಕಟ್ಟಿಕೊಂಡು ಬರುವಾಗ ಗುಡ್ಡಪ್ಪನಿಗೆ ಆ ಮನುಷ್ಯನ ಮೇಲೆ ಒಂದು ಕ್ಷಣ ಮರುಕ ಹುಟ್ಟಿತು. ಬೀರಪ್ಪನೂ ಹೀಗೇ ಕೂರುವನು ಎಂದು ನೆನೆದಾಗ ಮರುಕ ಹೋಯಿತು.

ಸೂಜಿ ಹಾಕಿದ ಜಾಗದಲ್ಲಿ ಬಾವು ಬಂದಿದೆಯೇ ನೋಡಬೇಕೆಂದು ಹೇಳಿ ಅವನು ಬೀರಪ್ಪನ ಕೋಳಿಮನೆಗೆ ಮತ್ತೆ ಹೋದ. ಕೋಳಿ ಎತ್ತಿ ನೋಡಿದ, ಇಳಿಸಿದ. ಬೀರಪ್ಪ ಮೇವಿನ ಚೀಲ ಬಿಚ್ಚುತ್ತಿದ್ದಾಗ ಕಾಗದದಲ್ಲಿದ್ದದ್ದನ್ನು ಕುಡಿಯುವ ನೀರಿನ ಬೋಗುಣಿಗಳಲ್ಲಿ ಕಲಸಿದ. ಕೋಳಿಗಳು ಕೊಕ್ಕಿಟ್ಟವು, ಕತ್ತು ಎತ್ತಿ, ಆಕಾಶಕ್ಕೆ ಕೈಮುಗಿದಂತೆ ನುಂಗಿದವು. ಖಾಲಿ ಕಾಗದ ಅವತ್ತೇ ಸ್ಟೌವಿನ ಉರಿಯಲ್ಲಿ ಬೂದಿಯಾಯಿತು.

ಎಲ್ಲೂ ಬಿರುಕಿರಲಿಲ್ಲ. ಲಸಿಕೆ ಹೊಸದು, ಕೆಲಸ ಮಾಡದಿದ್ದರೆ ಲಸಿಕೆಯದೇ ತಪ್ಪು. ಐಸು ಎಲ್ಲರೂ ನೋಡಿದ್ದಾರೆ. ಸೂಜಿ ಎಲ್ಲರೂ ನೋಡಿದ್ದಾರೆ. ಬೀರಪ್ಪ ಹಣೆಬರಹವನ್ನು ಬೈಯುತ್ತಾನೆಯೇ ಹೊರತು ಮೈದುನನನ್ನಲ್ಲ. ಡಾಕ್ಟರು ಬಂದು, ಹತ್ತಿ ಸುತ್ತಿದ ಕಡ್ಡಿಗಳಿಂದ ಕೋಳಿಗಳ ಹಿಂಭಾಗದ ಹಸಿ ತೆಗೆದುಕೊಂಡು, ಕೆಲವು ಮೊಟ್ಟೆಗಳನ್ನೂ ಹೊಟ್ಟಿನಲ್ಲಿಟ್ಟುಕೊಂಡು ಹೋದರು. ಕೋಳಿಗಳನ್ನು ಹಿಡಿದುಕೊಟ್ಟವನು ಗುಡ್ಡಪ್ಪನೇ.

ಅದಾದ ಮೇಲೆ, ಫಲಿತಾಂಶಕ್ಕೆ ಕಾಯುತ್ತಿದ್ದ ದಿನಗಳಲ್ಲಿ, ಕಾಳಕ್ಕ ದನದಾಸ್ಪತ್ರೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ಹೊಸಲಿನಾಚೆಯಿಂದಲೇ ಹೇಳಿದಳು.

"ಚಿತ್ತಿ ದೊಡ್ಡೋಳಾದ್ಲು."

ಗುಡ್ಡಪ್ಪ ಸ್ಟೌವಿನ ಉರಿ ತಗ್ಗಿಸಿದ. ನಿನ್ನೆ ಮೊನ್ನೆ ಹೆಗಲ ಮೇಲೆ ಕೂತಿದ್ದ ಹುಡುಗಿ.

"ತವರಿಗೆ, ತಾಳ್ಯಕ್ಕೆ, ನನ್ನ ತಮ್ಮಂಗೆ ಹೇಳಿ ಕಳ್ಸೀನಿ, ಸೊಪ್ಪಿನ ಗುಡ್ಲು ಅವನೇ ಹಾಕ್ಬೇಕಲ್ಲ. ನೀರು ಹಾಕೋ ತಂಕ ನೀನು ಹಿತ್ಲು ಕಡೆ ಬರಂಗಿಲ್ಲ, ಮಗಳ ಮುಖ ನೋಡಂಗಿಲ್ಲ. ಇಲ್ಲೇ ಇದ್ದುಬಿಡು, ಊಟ ಕಳಿಸ್ತೀನಿ." ಹೊರಟವಳು ಮತ್ತೆ ತಿರುಗಿದಳು. "ಅಕ್ಕಂಗೆ ಏನು ಮಾಡಾಣ? ಸೋದರತ್ತೆ ಇಲ್ದೆ ಒಸಗೆ ಹೆಂಗೆ ಮಾಡದು?"

ಬೇಡ ಎನ್ನಲು ಅವನ ನಾಲಿಗೆ ಎದ್ದಿತ್ತು. ಆಮೇಲೆ ಬೇರೆ ಯೋಚನೆ ಬಂತು. ಬರಲಿ. ಬಂದು, ತಾನು ಕೈಬಿಟ್ಟದ್ದು ಎಂಥ ಹೆಣ್ಣು ಎಂದು ಕಣ್ತುಂಬ ನೋಡಲಿ.

"ಹೆಂಗಸ್ರ ಶಾಸ್ತ್ರ. ನನ್ನ ಯಾಕೆ ಕೇಳ್ತೀಯ?" ಎಂದ.

ನಿಂಗಕ್ಕ ಬಂದಳು. ಬಂದವಳು ಹಿಂದಿರುಗಲಿಲ್ಲ, ಅಲ್ಲೇ ಉಳಿದಳು. ದೂರದಿಂದ ಅವಳನ್ನು ಕಂಡು ಗುಡ್ಡಪ್ಪ ಮುಖ ತಿರುಗಿಸಿದ. ಹಿತ್ತಲಿನಿಂದ ಸೋಬಾನೆಯ ದನಿ ತೇಲಿ ಬರುತ್ತಿತ್ತು. ಅದರಲ್ಲಿ ಅಕ್ಕನ ಒಡಕು ದನಿಯನ್ನು ಅವನು ಬೇರೆ ಮಾಡಿ ಗುರುತಿಸಬಲ್ಲವನಾಗಿದ್ದ. ಎಷ್ಟು ಚೆನ್ನಾಗಿ ಹಾಡುತ್ತಾಳೆ, ಎಂದುಕೊಂಡ. ಕೊಟ್ಟ ಮಾತನ್ನು ಮಣ್ಣುಮಾಡಿದ ಮನೆಯವಳು.

ದುರ್ಗದಿಂದ ಡಾಕ್ಟರು ಜೀಪಿನಲ್ಲಿ ಬಂದದ್ದು ಒಂದು ಮಧ್ಯಾಹ್ನ. ಮುಖ ಬಾಡಿತ್ತು. ಗುಡ್ಡಪ್ಪನನ್ನು ಹತ್ತಿಸಿಕೊಂಡು ನೇರ ಬೀರಪ್ಪನ ಅಂಗಳಕ್ಕೆ ಹೋದರು.

"ಇಷ್ಟು ಕೆಟ್ಟದಾಗಿ ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ" ಎಂದರು. "ನೋಡಿದ ಕೋಳಿಯಲ್ಲೆಲ್ಲ ಹುಳ ಇದೆ. ಮೊಟ್ಟೆಯಲ್ಲೂ ಇದೆ. ಹೊಸದುರ್ಗದ್ದೇ ಜಾತಿ. ಲಸಿಕೆ ಹಿಡಿದೇ ಇಲ್ಲ. ಐಸು ಸರಿಯಾಗಿತ್ತಲ್ಲಪ್ಪ ಗುಡ್ಡಪ್ಪ?"

ಗುಡ್ಡಪ್ಪ ಬಾಯಿ ತೆರೆಯುವ ಮೊದಲೇ ಬೀರಪ್ಪ ಹೇಳಿದ: "ಐಸು ನಾನೇ ನೋಡಿದ್ನಲ್ಲ ಸಾಮಿ. ಕೈ ಮರಗಟ್ತಿತ್ತು. ಅವನ ಮೇಲೆ ಮಾತಾಡಬ್ಯಾಡ್ರಿ. ನನ್ನ ಹಣೆಬರಹ."

ಆ ಮಾತನ್ನು ಗುಡ್ಡಪ್ಪ ಜೇನಿನ ಹಾಗೆ ನಾಲಿಗೆಯ ಮೇಲಿಟ್ಟುಕೊಂಡ. ಡಾಕ್ಟರು ಹೋದ ಮೇಲೂ ಬೀರಪ್ಪ ಹಗ್ಗದ ಮಂಚದಿಂದ ಏಳಲಿಲ್ಲ. ಬೀಡಿ ಹಚ್ಚಲು ಹೋದ. ಕಡ್ಡಿ ಗೀರಿ, ಬೀಡಿ ಕೈಯಲ್ಲಿಲ್ಲದ್ದು ಕಂಡು ಊದಿ ಬಿಸುಟ. ಹಾಸ್ಟೆಲಿನ ಮಾತು ಮುಗಿಯಿತು ಎಂದ. ಹೊಳಲ್ಕೆರೆಯವರ ಕಿವಿಗೆ ಬಿದ್ದರೆ ಅದೂ ಮುಗಿಯಿತು ಎಂದ. ನೆಲ ನೋಡುತ್ತಲೇ, "ಗುಡ್ಡಪ್ಪ, ನಿನ್ನ ಮನೆ ಹತ್ರ ಬರ್ಬೇಕು ನಾನು. ಮುಖ ಇಲ್ಲ. ಆದ್ರೂ ಬರ್ಬೇಕು" ಎಂದ.

"ಬರ್ರಿ ಬಾವ" ಎಂದ ಗುಡ್ಡಪ್ಪ. "ಮನೆ ಎಲ್ಲಿಗೂ ಓಡಿ ಹೋಗಲ್ಲ."

ಅವನು ನಡೆದೇ ಹೊರಟ. ಬಿಸಿಲು ಇಳಿಯುತ್ತಿತ್ತು. ಮೈಯಲ್ಲಿ ಜಾತ್ರೆ ಮುಗಿಸಿ ಬಂದವನ ಹಾಯಿ ಇತ್ತು. ಬಾವ ಬರುತ್ತಾನೆ. ಮೆಟ್ಟು ಬಿಟ್ಟು ಬರುತ್ತಾನೆ. ಹೆಣ್ಣನ್ನು ಆಮೇಲೆ ಕೊಟ್ಟೇ ಕೊಡುವುದು. ಆದರೆ ಕೊಡುವ ಮೊದಲು ಒಂದು ಗಳಿಗೆ ಸುಮ್ಮನಿರುವುದು. ಆ ಒಂದು ಗಳಿಗೆಗಾಗಿಯೇ ಇಷ್ಟೆಲ್ಲ. ಮನೆ ಕಾಣುವ ತಿರುವಿನಲ್ಲಿ ಕಾಳಕ್ಕ ಎದುರು ಬರುತ್ತಿದ್ದಳು, ಓಡುತ್ತಿದ್ದಳು.

"ಡಾಕ್ಟ್ರು ಬಂದಿದ್ರಂತಲ್ಲ, ಹೋಗೇಬಿಟ್ರಾ? ದನದ ಡಾಕ್ಟ್ರಾದ್ರೂ ಆಗ್ಲಿ, ಕರಕಂಬಾ. ಮಗೀಗೆ ಮೈ ಕೆಂಡ ಆಗೈತೆ. ಹೊಟ್ಟೆ ಕಿವುಚ್ತೈತೆ ಅಂತ ನೆನ್ನೆಯಿಂದ ಹೊರಳಾಡ್ತೈತೆ. ಹೊಸ್ತು ಅಂದ್ರೆ ಹೊಟ್ಟೆನೋವು ಇದ್ದೇ ಇರ್ತೈತೆ ಅಂತ ನಾವು ಸುಮ್ಕಿದ್ವಿ. ಈಗ ಕುಡ್ಸಿದ್ದೆಲ್ಲ ಕಕ್ತೈತೆ."

"ಏನು ಕುಡ್ಸಿದ್ರಿ?" ಎಂದ ಗುಡ್ಡಪ್ಪ, ಇನ್ನೂ ನಡೆಯುತ್ತಲೇ, ಕೇಳಬೇಕಲ್ಲ ಎಂದು ಕೇಳಿದವನ ಹಾಗೆ.

ಕಾಳಕ್ಕ ಹೇಳಿದಳು, ಎಲ್ಲ ಹೆಂಗಸರಿಗೂ ಗೊತ್ತಿರುವುದನ್ನು ಗಂಡಸಿಗೆ ಹೇಳುವಾಗಿನ ನಾಚಿಕೆಯಲ್ಲಿ ಹೇಳಿದಳು. ಮೈನೆರೆದ ಹುಡುಗಿಗೆ ಸೊಂಟ ಗಟ್ಟಿಯಾಗಲೆಂದು ದಿನಾ ಬೆಳಗ್ಗೆ, ಬೈಗು, ಹಸಿಮೊಟ್ಟೆ ಒಡೆದು ಎಳ್ಳೆಣ್ಣೆ ಬೆರೆಸಿ ಕುಡಿಸುವುದು. ಅದನ್ನು ತರಬೇಕಾದವಳು ಸೋದರತ್ತೆ. ಅವಳ ಮನೆಯದೇ ಆಗಬೇಕು, ಬೇರೆಯವರದು ಮುಟ್ಟಿಸುವಂತಿಲ್ಲ. "ನೀನು ಉಪ್ಪಿನ ಹರಳೂ ಬ್ಯಾಡ ಅಂದಿದ್ದೆ, ಆದ್ರೆ ಇದು ಶಾಸ್ತ್ರ, ಇದನ್ನ ಹೆಂಗೆ ಬ್ಯಾಡ ಅನ್ನಲಿ" ಎಂದಳು. ಗುಡ್ಡಪ್ಪನಿಗೆ ನೆನಪಾಯಿತು: ಅಕ್ಕ ಮೈನೆರೆದು ಸೊಪ್ಪಿನ ಗುಡಿಸಲಿನಲ್ಲಿ ಕೂತಿದ್ದಾಗಲೂ ಇದೇ ನಡೆದಿತ್ತು. ಗಂಡುಹುಡುಗನೆಂದು ಅವನನ್ನು ಆಚೆಗೆ ಅಟ್ಟಿದ್ದರು, ಅವನು ತಿರುಗಿ ನೋಡಿರಲಿಲ್ಲ. ಗುಡ್ಡಪ್ಪ ಹಿತ್ತಲಿಗೆ ನುಗ್ಗಿದ. ಹೆಂಗಸರು ಹೋ ಎಂದು ಸೆರಗು ಅಡ್ಡ ಹಿಡಿದರು. ಗುಡಿಸಲಿನ ಬಾಯಿಗೆ ಮೈಯಾನಿಸಿ ನಿಂಗಕ್ಕ ಕೂತಿದ್ದಳು. ಪಕ್ಕದಲ್ಲಿ ಬಿಳಿಯ ಚಿಪ್ಪುಗಳ ರಾಶಿ, ಕೈಯಲ್ಲಿ ಎಣ್ಣೆ ಹೊಳೆಯುವ ಬಟ್ಟಲು. ಒಳಗಿನಿಂದ ಮಗಳ ನರಳಿಕೆ. "ಚೆಲ್ಲು ಅಕ್ಕಾ ಅದನ್ನ. ಕಾಲಿಗೆ ಬೀಳ್ತೀನಿ, ಚೆಲ್ಲು" ಎಂದ. ನಿಂಗಕ್ಕ ತಲೆಯೆತ್ತಿದಳು. "ಯಾಕೆ? ನಿಮ್ಮ ಬಾವನ ಮೇಲಿನ ಸಿಟ್ಟು ಬಟ್ಟಲ ಮೇಲಾ? ಆ ಹೊಳಲ್ಕೆರೆ ಹೆಣ್ಣು ನನ್ನ ಹೊಸಲು ದಾಟಿದ್ರೆ ನಾನು ಬಾವಿ ನೋಡ್ಕಂತೀನಿ ಅಂತ ಹೇಳೇ ಮನೆ ಬಿಟ್ಟು ಬಂದೀನಿ ಕಣೋ. ಮಗು ನಿತ್ರಾಣ ಆಗೈತೆ ಅಂತ ಇವತ್ತು ಎರಡೆರಡು ಒಡೆದೀನಿ. ಯಾಕೆ ಚೆಲ್ಲಬೇಕು, ಹೇಳು." ಹತ್ತು ಹೆಂಗಸರ ಕಣ್ಣು ಅವನ ಮೇಲಿತ್ತು. ಅವನು ಬರೀ ಬಟ್ಟಲಿಗೆ ಕೈ ಚಾಚಿದ. ನಿಂಗಕ್ಕ ಅವನ ಕೈ ತಳ್ಳಿದಳು. ಆಮೇಲೆ ಬಟ್ಟಲನ್ನು ಎದೆಗೆ ಅವುಚಿಕೊಂಡು ಗುಡಿಸಲಿನ ಕಡೆ ತಿರುಗಿದಳು. "ಚೆಲ್ಲಲ್ಲ. ನನ್ನ ಸೊಸೆ ಅವಳು. ಹೋಗಾಚೆ."